ದಯೆಯ ಬೆಲೆ ಯಾರು ತೆರಬೇಕು?



2021ರಲ್ಲಿ ನಮ್ಮ ನೀಲಗಿರಿಯ ಗೂಡಲೂರು, ಮಸಿನಗುಡಿ ಭಾಗದಲ್ಲಿ ಟಿ-23 ಎಂಬ ಹುಲಿ ಜನರನ್ನೂ ದನಗಳನ್ನೂ ಕೊಂದಿತು. ಅದನ್ನು ಕೊಂದೇಬಿಡಿ ಎಂದು ಊರವರು ಬೇಡಿದರು. ಕೊಲ್ಲಲು ಆತುರ ಬೇಡ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ಸುಮಾರು ಮೂರು ವಾರ ಹುಡುಕಿ, ಅಕ್ಟೋಬರ್ 15ರಂದು ಜೀವಂತ ಹಿಡಿದು ಮೈಸೂರಿಗೆ ಒಯ್ದರು.

ಹುಲಿ ಉಳಿದದ್ದು ಒಳ್ಳೆಯದೇ. ಆದರೆ ಇಂಥ ದಯೆಯ ಬೆಲೆಯನ್ನು ತೆರುವವರು ಯಾರು? ದೂರದ ಪಟ್ಟಣದಲ್ಲಿ ಕುಳಿತು ಹುಲಿಯನ್ನು ಪ್ರೀತಿಸುವುದು ಸುಲಭ. ಬೆಳಗಿನ ಮಂಜಿನಲ್ಲಿ ಟೀ ತೋಟಕ್ಕೆ ನಡೆಯುವ ಹೆಂಗಸಿಗೆ, ಒಂದೇ ಹಸುವನ್ನು ನಂಬಿ ಬದುಕುವ ಮನೆಗೆ ಅದು ಸುಲಭವಲ್ಲ.

ಹುಲಿಗೆ ಪಾಪವಿಲ್ಲ, ಹಸಿವು ಮಾತ್ರ ಇದೆ. ಯೋಚಿಸಿ ನಡೆಯುವ ಶಕ್ತಿ ಇರುವುದು ನಮಗೆ, ಆದ್ದರಿಂದ ಹೊಣೆಯೂ ನಮ್ಮದೇ. ಸೃಷ್ಟಿಯನ್ನು ಕಾಯುವುದು ಎಲ್ಲರ ಕರ್ತವ್ಯವೆಂದ ಮೇಲೆ ಅದರ ಭಾರವನ್ನು ಬಡವರ ತಲೆಯ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಮನೆಮಾತು ಕನ್ನಡವಿರಲಿ, ತಮಿಳು, ಮಲಯಾಳವಿರಲಿ, ದನ ಕಳೆದುಕೊಂಡವರಿಗೆ ಪರಿಹಾರದ ಅರ್ಜಿ ಬರೆದುಕೊಡೋಣ. ಕೊಟ್ಟಿಗೆಗೆ ಗಟ್ಟಿ ಬಾಗಿಲು ಹಾಕಲು ಕೈಜೋಡಿಸೋಣ. ಮಾಂಸದ ಕಸವನ್ನು ರಸ್ತೆ ಬದಿಗೆ ಎಸೆಯದಿರೋಣ. ಕಸಕ್ಕೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ.

ನೆರೆಯವರ ಭಯದಲ್ಲಿ ಪಾಲು ಪಡೆದಾಗಲೇ ಹುಲಿಯ ಮೇಲಿನ ನಮ್ಮ ದಯೆ ನಿಜವಾಗುತ್ತದೆ.