ಸ್ವಪಕ್ಷಾಭಿಮಾನವೂ ನ್ಯಾಯವೂ

ಚುನಾವಣೆಯು ಬಂದಾಗಲೆಲ್ಲಾ ಹಳ್ಳಿಗಳಲ್ಲಿ ಮೊದಲು ಕೇಳಲ್ಪಡುವ ಪ್ರಶ್ನೆಯೊಂದುಂಟು. ಅದೇನಂದರೆ, ನಿಂತವನು ನಮ್ಮವನೋ, ಅವರವನೋ? ಅವನು ಸತ್ಯವಂತನೋ, ಕೆಲಸ ಬಲ್ಲವನೋ ಎಂಬ ವಿಚಾರಣೆಯು ತರುವಾಯ ಬರುತ್ತದೆ. ಅನೇಕ ವೇಳೆ ಬರುವದೇ ಇಲ್ಲ. ಕರ್ನಾಟಕದ ಗ್ರಾಮ ಪಂಚಾಯತಿಯ ಚುನಾವಣೆಗಳಲ್ಲಿ ರಾಜಕೀಯ ಪಕ್ಷಗಳ ಚಿಹ್ನೆಗಳಿಗೆ ಸ್ಥಳವಿಲ್ಲ. ಆದರೂ ಪಕ್ಷವು ಬಾರದಿರುವದೋ? ಚಿಹ್ನೆಯಿಲ್ಲದ ಕಡೆಯಲ್ಲಿ ಜಾತಿಯೂ ಕೇರಿಯೂ ಸಭೆಯೂ ಚಿಹ್ನೆಗಳಾಗಿ ನಿಲ್ಲುತ್ತವೆ. ನಮ್ಮವನೆಂಬ ಒಂದೇ ಕಾರಣದಿಂದ ಒಬ್ಬನಿಗೆ ಮತ ಕೊಡುವದೂ, ಆಮೇಲೆ ಅವನ ತಪ್ಪನ್ನು ಮುಚ್ಚುವದೂ ನ್ಯಾಯವೋ ಎಂಬದನ್ನು ನಾವು ಈ ಸಾರಿ ಆಲೋಚಿಸೋಣ.

ಮೊದಲು ನಮ್ಮ ತಪ್ಪನ್ನೇ ಹೇಳುತ್ತೇವೆ. ಕೆಲವು ವರುಷಗಳ ಹಿಂದೆ ನಮ್ಮ ಸಭೆಯವನೊಬ್ಬನು ಪಂಚಾಯತಿಗೆ ಆರಿಸಲ್ಪಟ್ಟನು. ಕುಡಿಯುವ ನೀರಿನ ಕೊಳವೆಯು ಊರಿಗೆ ಬಂದಾಗ ಅದು ಮೊದಲು ನಮ್ಮ ಕೇರಿಗೆ ತಿರುಗಿತು. ಆಚೆ ಕೇರಿಯ ಹೆಂಗಸರು ಆ ಬೇಸಿಗೆಯೆಲ್ಲಾ ಕೊಡ ಹೊತ್ತುಕೊಂಡು ದೂರದ ಬಾವಿಗೆ ನಡೆದರು. ನೀರಿನ ಕೊರತೆಯು ನಮ್ಮಲ್ಲಿಗಿಂತ ಅಲ್ಲಿಯೇ ಹೆಚ್ಚೆಂದು ನಾವು ಅರಿತಿದ್ದೆವು. ಆದರೂ ಬಾಯಿ ಬಿಡಲಿಲ್ಲ. ಇದೇ ಕೆಲಸವನ್ನು ಆಚೆಯವನು ಮಾಡಿದ್ದರೆ ಅನ್ಯಾಯವೆಂದು ಕೂಗುವವರಲ್ಲಿ ನಾವೇ ಮೊದಲಿಗರಾಗುತ್ತಿದ್ದೆವು. ಒಂದು ದಿನ ನಮ್ಮ ಸಭೆಯ ಮುದುಕಿಯೊಬ್ಬಳು, "ಉಪದೇಶಿಯವರೇ, ಅವರಿಗೆ ಬಾಯಾರುವದಿಲ್ಲವೋ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಪಕ್ಷಬುದ್ಧಿಯು ಎಷ್ಟು ಅಲ್ಪ ಕಾರಣದಿಂದ ಹುಟ್ಟುತ್ತದೆಂಬದನ್ನು ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದರು. ಅವರು ಪೋಲೆಂಡಿನಲ್ಲಿ ಹುಟ್ಟಿದ ಯೆಹೂದ್ಯರು. ಎರಡನೆಯ ಮಹಾಯುದ್ಧದಲ್ಲಿ ತಮ್ಮ ಬಂಧುಬಳಗವನ್ನು ಕಳಕೊಂಡವರು. ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಅವರು ಶಾಲಾ ಹುಡುಗರನ್ನು ಪರೀಕ್ಷಿಸಿ, ಅದರ ಫಲವನ್ನು 1970ರಲ್ಲಿಯೂ 1971ರಲ್ಲಿಯೂ ಪ್ರಕಟಿಸಿದರು. 14, 15 ವರುಷದ ಆ ಹುಡುಗರಿಗೆ ಕ್ಲೀ, ಕಾಂಡಿನ್‌ಸ್ಕಿ ಎಂಬ ಇಬ್ಬರು ಚಿತ್ರಗಾರರ ಚಿತ್ರಗಳನ್ನು ತೋರಿಸಿ, ಇಂಥವನ ಚಿತ್ರಗಳನ್ನು ಮೆಚ್ಚಿದವರ ಗುಂಪು ನಿನ್ನದು ಎಂದು ಒಬ್ಬೊಬ್ಬನಿಗೆ ತಿಳಿಸಿದರು. ನಿಜವಾಗಿ ಗುಂಪುಗಳನ್ನು ಚೀಟಿಯೆತ್ತಿದ ಹಾಗೆ ಮಾಡಿದ್ದರು. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆಂದು ಹುಡುಗನಿಗೆ ತಿಳಿಯದು. ಅವನು ಹಂಚುವ ಹಣದಲ್ಲಿ ಅವನಿಗೆ ಒಂದು ಕಾಸೂ ಬಾರದು. ಹೀಗಿದ್ದರೂ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಇದಕ್ಕಿಂತಲೂ ಆಶ್ಚರ್ಯವೇನಂದರೆ, ತಮ್ಮವರ ಪಾಲು ತುಸು ತಗ್ಗಿದರೂ ಸರಿ, ಆಚೆಯವರ ಪಾಲು ಅದಕ್ಕಿಂತ ಬಹಳ ತಗ್ಗಬೇಕೆಂಬ ಹಂಚಿಕೆಯನ್ನು ಅನೇಕ ಸಾರಿ ಆರಿಸಿಕೊಂಡರು. ಚಿತ್ರದ ಮೆಚ್ಚಿಕೆಯೇ ಇಷ್ಟು ಮಾಡುವದಾದರೆ, ತಲೆತಲಾಂತರದಿಂದ ಬಂದ ಜಾತಿಮತಗಳ ಹೆಸರು ಎಷ್ಟನ್ನು ಮಾಡಲಾರದು!

ಈ ಬುದ್ಧಿಗೆ ಕಾನೂನೇ ಬೇಲಿ ಹಾಕಿಕೊಟ್ಟ ಕಾಲವೊಂದು ನಮ್ಮ ದೇಶದಲ್ಲಿತ್ತು. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಪ್ರಧಾನಮಂತ್ರಿಯಾದ ರಾಮ್ಸೆ ಮ್ಯಾಕ್‌ಡೊನಾಲ್ಡರು ಕೊಟ್ಟ ತೀರ್ಪಿನಿಂದ ಮುಸಲ್ಮಾನರು, ಸಿಖ್ಖರು ಮುಂತಾದವರಂತೆ ದೇಶೀ ಕ್ರೈಸ್ತರಿಗೂ ಪ್ರತ್ಯೇಕ ಮತದಾರ ವರ್ಗವು ದೊರೆಯಿತು. ಕ್ರೈಸ್ತ ಸ್ಥಾನಕ್ಕೆ ನಿಂತವನು ಕ್ರೈಸ್ತರ ಮತವನ್ನು ಮಾತ್ರ ಕೇಳಿದರೆ ಸಾಕಾಯಿತು. ಬೇರೆ ಸ್ಥಾನಕ್ಕೆ ನಿಂತವನಿಗೆ ಕ್ರೈಸ್ತರ ಬಾಗಿಲಿಗೆ ಬರುವ ಅಗತ್ಯವೇ ಇಲ್ಲವಾಯಿತು. ಇದಕ್ಕೆ ಮುಂಚೆಯೇ, ಮೊದಲನೆಯ ದುಂಡುಮೇಜಿನ ಪರಿಷತ್ತಿನಲ್ಲಿ ಪ್ರಾಟೆಸ್ಟಂಟರಾದ ಕೆ. ಟಿ. ಪಾಲರು ಇಂಥ ಪ್ರತ್ಯೇಕತೆಯನ್ನು ವಿರೋಧಿಸಿದ್ದರು. 1947ರಲ್ಲಿ ಸಂವಿಧಾನ ಸಭೆಯು ಪ್ರತ್ಯೇಕ ಮತದಾರ ವರ್ಗಗಳನ್ನು ತೆಗೆದುಬಿಟ್ಟಿತು. 1949ರ ಮೇ ತಿಂಗಳಲ್ಲಿ ಮತದ ಆಧಾರದಿಂದ ಅಲ್ಪಸಂಖ್ಯಾತರಿಗೆ ಕಾದಿರಿಸುವ ಸ್ಥಾನಗಳೂ ಬೇಡವೆಂದು ತೀರ್ಮಾನವಾದಾಗ, ಸಲಹಾ ಸಮಿತಿಯಲ್ಲಿ ಆ ಠರಾವನ್ನು ಮುಂದಿಟ್ಟವರು ಆ ಸಭೆಯ ಉಪಾಧ್ಯಕ್ಷರೂ ಕ್ರೈಸ್ತರೂ ಆಗಿದ್ದ ಎಚ್. ಸಿ. ಮುಖರ್ಜಿಯವರು.

ಹಾಗಾದರೆ ಒಂದು ಹೆಸರಿನಲ್ಲಿ ಕೂಡಿಕೊಳ್ಳುವದೇ ದೋಷವೋ ಎಂದು ವಾಚಕರು ಕೇಳಬಹುದು. ಅಲ್ಲ. ಜಾತಿಯ ನಿಮಿತ್ತವಾಗಿ ತುಳಿಯಲ್ಪಟ್ಟವರು ಅದೇ ಹೆಸರಿನಿಂದ ಕೂಡಿ ನ್ಯಾಯವನ್ನು ಬೇಡದೆ ಮತ್ತಾವ ಹೆಸರಿನಿಂದ ಬೇಡಬೇಕು? ಆದದರಿಂದಲೇ ಪರಿಶಿಷ್ಟ ಜಾತಿಗಳಿಗೆ ಸ್ಥಾನಗಳು ಉಳಿದವು. ಅಲ್ಲಿಯೂ ಮತ ಕೊಡುವವರು ಕ್ಷೇತ್ರದ ಎಲ್ಲಾ ಮತದಾರರು. ಸಂಖ್ಯೆಯಲ್ಲಿ ಅಲ್ಪರಾದವರ ದನಿ ಕೇಳದೆ ಹೋಗಬಹುದೆಂಬ ಭಯವೂ ಸುಳ್ಳಲ್ಲ. ಆದರೆ ನಮಗೆ ಸಲ್ಲತಕ್ಕದ್ದನ್ನು ಕೇಳುವದು ಬೇರೆ. ನೆರೆಯವನಿಗೆ ಸಲ್ಲತಕ್ಕದ್ದನ್ನು ನಮ್ಮದೆಂದು ಇಟ್ಟುಕೊಳ್ಳುವದು ಬೇರೆ. ಮೊದಲನೆಯದು ನ್ಯಾಯದ ಬೇಡಿಕೆ, ಎರಡನೆಯದು ಪಕ್ಷದ ಲೋಭ.

ಇವೆರಡನ್ನು ವಿಂಗಡಿಸುವ ಉಪಾಯವು ಕಷ್ಟವಾದದ್ದಲ್ಲ. ಚೀಲದಲ್ಲಿ ಹೆಚ್ಚು ಕಡಿಮೆಯಾದ ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರವು ವ್ಯಾಪಾರಿಗೆ ವಿಧಿಸಿತು. ಮತದಾರನಿಗೂ ಅದೇ ವಿಧಿಯು ಸಲ್ಲುತ್ತದೆ. ನಮ್ಮವನು ಮಾಡಿದ್ದನ್ನು ಆಚೆಯವನು ಮಾಡಿದ್ದಾಗಿ ಭಾವಿಸಿ ತೂಗಿ ನೋಡೋಣ. ಆಚೆಯವನ ಕೆಲಸವನ್ನು ನಮ್ಮವನದಾಗಿ ತೂಗಿ ನೋಡೋಣ. ಮುಳ್ಳು ಒಂದೇ ಕಡೆಗೆ ನಿಂತರೆ ನಮ್ಮ ಕಲ್ಲು ಸರಿಯಾದದ್ದು.

ಮುದುಕಿಯ ಮಾತನ್ನು ಕೇಳಿದ ಮೇಲೆ ನಾವು ಆ ಸದಸ್ಯನ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆವು. ಅವನು ಸಿಟ್ಟಾದನು, ಈಗಲೂ ನಮ್ಮೊಡನೆ ಮೊದಲಿನಂತೆ ಮಾತಾಡುವದಿಲ್ಲ. ಮರುವರುಷ ಆಚೆ ಕೇರಿಗೂ ನೀರು ಬಂತು. ನಾವು ಹೇಳಿದ್ದರಿಂದಲೇ ಬಂತೆಂದು ಎಣಿಸುವದಿಲ್ಲ. ಆದರೆ ಆ ಮಾತನ್ನು ಒಂದು ಬೇಸಿಗೆ ಮುಂಚೆ ಆಡದೆ ಹೋದೆವಲ್ಲಾ ಎಂಬದೇ ನಮ್ಮ ವ್ಯಥೆ.