ಪ್ರಿಯರಾದವರ ಉಡುಪು

ದೇವರು ನಮ್ಮನ್ನು ಪ್ರೀತಿಸಲೆಂದು ಸದ್ಗುಣಗಳನ್ನು ಸಂಪಾದಿಸಬೇಕೋ, ಆತನು ಮೊದಲೇ ಪ್ರೀತಿಸಿದ್ದರಿಂದ ಅವುಗಳನ್ನು ಧರಿಸಬೇಕೋ? ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಪೌಲನು ಅವರನ್ನು ಮೊದಲು ದೇವರಿಗೆ ಪ್ರಿಯರೆಂದು ಕರೆದು, ಆಮೇಲೆಯೇ ಕನಿಕರವನ್ನೂ ತಾಳ್ಮೆಯನ್ನೂ ಉಟ್ಟುಕೊಳ್ಳಹೇಳುತ್ತಾನೆ.

ಈ ಉಡುಪಿನ ಪರೀಕ್ಷೆಯು ಫಿಲೆಮೋನನ ಮನೆಬಾಗಿಲಲ್ಲಿ ಆಯಿತು. ಅವನ ಮನೆಯಲ್ಲಿ ಸಭೆ ಕೂಡುತ್ತಿತ್ತು. ಅವನನ್ನು ಅಗಲಿದ್ದ ದಾಸನಾದ ಒನೇಸಿಮನನ್ನು ಪೌಲನು ತಿರಿಗಿ ಕಳುಹಿಸಿ, ಪ್ರಿಯ ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡನು, ಅಪ್ಪಣೆಕೊಡಲಿಲ್ಲ. ಸಾಲವೇನಾದರೂ ಇದ್ದರೆ ತಾನೇ ತೀರಿಸುವೆನೆಂದು ಸೆರೆಯಲ್ಲಿದ್ದುಕೊಂಡೇ ಸ್ವಹಸ್ತದಿಂದ ಬರೆದುಕೊಟ್ಟನು.

ಫಿಲೆಮೋನನು ಏನು ಮಾಡಿದನೆಂದು ಪತ್ರಿಕೆಯು ತಿಳಿಸುವದಿಲ್ಲ. ಆ ಉತ್ತರವು ನಮ್ಮದಾಗಿರಲಿ. ಭಾನುವಾರ ಕರ್ತನ ಮೇಜಿಗೆ ಒಟ್ಟಾಗಿ ಬಂದು, ಸೋಮವಾರ ಅದೇ ಸಹೋದರನನ್ನು ಜಗಲಿಯ ಕೆಳಗೆ ನಿಲ್ಲಿಸಿದರೆ, ಉಡುಪನ್ನು ಪೆಟ್ಟಿಗೆಯಲ್ಲಿ ಮಡಿಸಿಟ್ಟಂತಾಗುವದಿಲ್ಲವೇ? ಲೆಕ್ಕವಿಡದೆ ಪ್ರೀತಿಸಲ್ಪಟ್ಟವನು ನೆರೆಯವನ ತಪ್ಪಿಗೆ ಲೆಕ್ಕವಿಟ್ಟಾನೇ?