ಕತ್ತಲಿಗೆ ಬಿಟ್ಟದ್ದು

‘ಏನೂ ಎಡಿಟ್ ಮಾಡಿಲ್ಲ ಸಾರ್, ಒರಿಜಿನಲ್ ಕಲರೇ ಹೀಗಿದೆ’ ಎಂದು ಮೊಬೈಲ್ ಮುಂದೆ ಹಿಡಿಯುವವರು ಬಹಳ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ, ಹಾಗೊಂದು ಒರಿಜಿನಲ್ಲೇ ಇಲ್ಲ. ಕ್ಯಾಮೆರಾದ ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಬಣ್ಣಗಳ ಒಂದು ಜಾಲರಿ ಇರುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ಉಪಾಯ ಅದು. ಒಂದೊಂದು ಚುಕ್ಕಿಗೂ ದಕ್ಕುವುದು ಒಂದೇ ಬಣ್ಣ. ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕಿ ನೋಡಿ ಲೆಕ್ಕ ಹಾಕಿ ತುಂಬಲಾಗುತ್ತದೆ. ಅಲ್ಲಿಗೆ ಮೂರರಲ್ಲಿ ಎರಡು ಪಾಲು ಬಣ್ಣ ಅಂದಾಜಿನದಾಯಿತು. ಮೊಬೈಲಿನಲ್ಲಂತೂ ಎಡಿಟಿಂಗ್ ಮುಗಿದ ಮೇಲೆಯೇ ಫೋಟೊ ನಮ್ಮ ಕಣ್ಣಿಗೆ ಬೀಳುವುದು.

ಹಿಂದೆ ಹೀಗಿರಲಿಲ್ಲ ಎನ್ನುವವರು ಹಳೇಬೀಡಿನ ಮೊದಮೊದಲ ಫೋಟೊಗಳನ್ನು ನೋಡಬೇಕು. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿ 1856ರಲ್ಲಿ ಹೊಯ್ಸಳೇಶ್ವರ ದೇವಸ್ಥಾನದ ಫೋಟೊ ತೆಗೆದ. 1859ರಲ್ಲಿ 56 ಚಿತ್ರಗಳ ಪುಸ್ತಕ ಲಂಡನ್ನಿನಲ್ಲಿ ಹೊರಬಂತು. ಆಗಿನ ರಾಸಾಯನಿಕಗಳಿಗೆ ಮುಖ್ಯವಾಗಿ ತಿಳಿಯುತ್ತಿದ್ದದ್ದು ನೀಲಿ ಬೆಳಕು. ನೀಲಿ ಆಕಾಶ ಬೆಳ್ಳಗಾಗುತ್ತಿತ್ತು, ಕೆಂಪು ಹಳದಿಗಳು ಕಪ್ಪಾಗುತ್ತಿದ್ದವು. ಈಗ ಆ ದೇವಸ್ಥಾನದ ಬಳಪದ ಕಲ್ಲು, ಹಸಿರು ಸುಳಿಯುವ ಬೂದು ಬಣ್ಣದ್ದು, ನಮ್ಮ ಕೈಯಲ್ಲಿ ಬಂಗಾರದ ಮುಲಾಮು ಹಚ್ಚಿಸಿಕೊಂಡು ಮಿರುಗುತ್ತದೆ. ಓಕ್ಲಿಯ ಬಣ್ಣವನ್ನು ರಾಸಾಯನಿಕ ತೀರ್ಮಾನಿಸಿತು. ನಮ್ಮದನ್ನು ತೀರ್ಮಾನಿಸುವುದು ಬೆರಳು. ಬೆರಳಿಗೆ ಜವಾಬ್ದಾರಿ ಇದೆ.

‘ಇದು ಕ್ರಿಯೇಟಿವ್ ಫೋಟೊ, ಬಣ್ಣ ನನ್ನಿಷ್ಟ’ ಎನ್ನಬಹುದು. ಅರ್ಧ ಒಪ್ಪುತ್ತೇನೆ. ಉಳಿದರ್ಧಕ್ಕೆ ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ಬ್ಯಾರನ್ನಿಗೆ ಹೋಗಿ ನೋಡಿ. ಹಸಿರು ಎಲೆಯನ್ನು ಒಳಗೆ ತೂಗುಹಾಕಿ, ಮೊದಲು ಹದವಾದ ಕಾವಿನಲ್ಲಿ ಹಳದಿಗೆ ತಿರುಗಿಸುತ್ತಾರೆ. ಹಳದಿ ಕೂತ ಮೇಲೆ ಕಾವು ಏರಿಸಿ ಆ ಬಣ್ಣವನ್ನು ಅಲ್ಲಿಗೇ ನಿಲ್ಲಿಸಬೇಕು. ಅವಸರ ಮಾಡಿದರೆ ಹಸಿರು ಉಳಿಯುತ್ತದೆ, ತಡ ಮಾಡಿದರೆ ಎಲೆ ಕಂದಾಗುತ್ತದೆ. ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲ್ ಬಿಚ್ಚಿದಾಗ ಬೆಲೆಯ ಮಾತು ಆಡುವುದು ಆ ಬಣ್ಣವೇ. ಅಂಥ ಎಲೆಯ ಚಿತ್ರಕ್ಕೆ ‘ವಾರ್ಮ್’ ಪ್ರಿಸೆಟ್ ಒಂದನ್ನು ಒತ್ತಿದರೆ ಕಳಪೆ ಸೊಪ್ಪೂ ಮೇಲ್ದರ್ಜೆಗೆ ಏರುತ್ತದೆ. ನಗರದ ಗ್ಯಾಲರಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬೆಳೆದವನು ನೋಡಿದರೆ ನಗುತ್ತಾನೆ. ಆ ನಗುವಿಗೆ ಉತ್ತರವಿದೆ ಎನ್ನುವವನು ಬಣ್ಣ ಬದಲಿಸಲಿ, ನನ್ನ ತಕರಾರಿಲ್ಲ.

ಬಣ್ಣಕ್ಕಿಂತ ಕಾಂಟ್ರಾಸ್ಟ್ ಇನ್ನೂ ಬಿಗಿ ವ್ಯವಹಾರ. ಪರದೆಗಾಗಲಿ ಕಾಗದಕ್ಕಾಗಲಿ ಕಡುಕಪ್ಪಿನಿಂದ ಅಚ್ಚಬಿಳಿಯವರೆಗೆ ಇರುವ ಜಾಗ ಇಷ್ಟೇ. ಕಾಂಟ್ರಾಸ್ಟ್ ಏರಿಸಿದಷ್ಟೂ ನಡುವಿನ ಬೂದುಗಳು ಎರಡೂ ತುದಿಗೆ ಸರಿಯುತ್ತವೆ, ತುದಿಯಲ್ಲಿದ್ದವು ಅಲ್ಲೇ ಮುಳುಗುತ್ತವೆ. ಮಲ್ಲಿಪಟ್ಟಣದ ಕಡೆ ಜಡಿಮಳೆ ಹಿಡಿದಾಗ ತೆಗೆದ ಒಂದು ಚಿತ್ರ ಎಂದುಕೊಳ್ಳಿ: ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ಬರುತ್ತಿರುವ ಹೆಂಗಸು, ಹಿಂದೆ ಮರಗಳು, ಅವುಗಳಾಚೆ ಇದೆಯೋ ಇಲ್ಲವೋ ಎನ್ನುವಂಥ ದಿಬ್ಬ. ಆ ಚಿತ್ರದ ಜೀವವೆಲ್ಲ ಇರುವುದು ನಡುವಿನ ಬೂದಿನಲ್ಲಿ. ‘ಡಲ್ಲಾಗಿದೆ’ ಎಂದು ಮಸುಕು ತೆಗೆಯುವ ಡೀಹೇಜ್ ಸ್ಲೈಡರ್ ಎಳೆದರೆ ಮರ ಚೂಪಾಗುತ್ತದೆ, ದಿಬ್ಬ ಎದ್ದು ನಿಲ್ಲುತ್ತದೆ, ಮಳೆ ಮಾತ್ರ ಇರುವುದಿಲ್ಲ.

ಹಾಸನ ಜಿಲ್ಲೆಯಲ್ಲಿ ಈ ಕಾಟಕ್ಕೆ ಹೆಚ್ಚು ಸಿಕ್ಕಿರುವುದು ಶೆಟ್ಟಿಹಳ್ಳಿಯ ಚರ್ಚು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಹಿನ್ನೀರು ಮಳೆಗಾಲದಲ್ಲಿ ಅದನ್ನು ಅರ್ಧ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಡುತ್ತದೆ. ಅದರ ಫೋಟೊಗಳಿಗೆ ಒಂದೇ ಅಚ್ಚು: ಇಳಿಸಿದ ಬಣ್ಣ, ಸೀಸದಂಥ ಮೋಡ, ಕಪ್ಪಾಗಿಸಿದ ನೀರು, ಭೂತಬಂಗಲೆಯ ಕಳೆ. ನೋಡಲು ಚೆಂದವೇ. ಆದರೆ ಆ ಟೋನ್ ಒಂದು ವಾದವನ್ನೂ ಹೂಡುತ್ತದೆ. ಕಾಲ ಎಲ್ಲವನ್ನೂ ನುಂಗುತ್ತದೆ, ಏನು ಮಾಡಲಾದೀತು ಎನ್ನುತ್ತದೆ. ಈ ಗೋಡೆಗಳು ನೀರಿಗೆ ಬಿದ್ದದ್ದು ಕಾಲದಿಂದಲ್ಲ, ಸರ್ಕಾರದ ಒಂದು ತೀರ್ಮಾನದಿಂದ. ಅದೇ ತೀರ್ಮಾನದಿಂದ ಊರುಗಳು ಎತ್ತಂಗಡಿಯಾದವು, ಬೇರೆಡೆ ಹೊಲಗಳಿಗೆ ನೀರೂ ಹರಿಯಿತು. ಲೆಕ್ಕ ಕೇಳಬಹುದಾದ ವಿಷಯವೊಂದನ್ನು ಗಾಢ ನೆರಳು ಹಣೆಬರಹವಾಗಿಸಿಬಿಡುತ್ತದೆ. ನಡುಹಗಲ ಸಪ್ಪೆ ಬೆಳಕಿನಲ್ಲಿ, ಬಾಡಿದ ಹುಲ್ಲು ಬಾಡಿದಂತೆಯೇ ಇರುವ ಚಿತ್ರಕ್ಕೆ ಲೈಕು ಕಡಿಮೆ ಬೀಳಬಹುದು. ನನಗೆ ಅದು ಹೆಚ್ಚು ಹೇಳುತ್ತದೆ.

ಕಡು ಕಾಂಟ್ರಾಸ್ಟೇ ಕೂಡದು ಎಂದಲ್ಲ. ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೊದೊಳಗೆ ತಿರುಗಿಸಿ ಬೆಳಕಿನದೊಂದು ಕೋಲು ನಿಲ್ಲಿಸಿದರು. ಅದೊಂದಕ್ಕಾಗಿ ಸುತ್ತಲಿನದನ್ನೆಲ್ಲ ಕತ್ತಲಿಗೆ ಬಿಟ್ಟರು. ಏನನ್ನು, ಏತಕ್ಕೆ ಬಿಡುತ್ತಿದ್ದೇನೆ ಎಂದು ಅವರಿಗೆ ಗೊತ್ತಿತ್ತು. ಪ್ರಿಸೆಟ್ಟಿಗೆ ಅದು ಗೊತ್ತಿಲ್ಲ. ಚಿತ್ರ ನೋಡುವ ಮೊದಲೇ ಅದರ ತೀರ್ಮಾನ ಆಗಿಹೋಗಿರುತ್ತದೆ.

ಹಾಗೆ ಮೊದಲೇ ಆದ ತೀರ್ಮಾನ ಮೈಬಣ್ಣದ ಮೇಲೆ ಎರಗಿದಷ್ಟು ಬೇರೆಲ್ಲೂ ಎರಗಿಲ್ಲ. ಕೊಡಕ್ ಕಂಪನಿ ಪ್ರಿಂಟಿನ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ’ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದವಳು ಬಿಳಿಯ ಹೆಂಗಸು. ಅವಳ ಕೆನ್ನೆ ಸರಿಬಂದರೆ ಲೋಕವೇ ಸರಿ. ಕಪ್ಪು ಮುಖಗಳ ವಿವರ ನೆರಳಿನಲ್ಲಿ ಹೂತುಹೋಗುತ್ತಿತ್ತು. ಈಗ ಆ ಕಾರ್ಡಿಲ್ಲ, ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’ ಎಂಬ ಮಾತಿದೆ. ಮದುವೆ ಆಲ್ಬಮ್ಮಿನ ಕೆಲಸದಲ್ಲಿ ಮೈಬಣ್ಣ ಹೆಚ್ಚಾಗಿ ಸಿಗುವುದು ಆರೆಂಜ್ ಸ್ಲೈಡರಿನಲ್ಲಿ. ಅದನ್ನು ಎತ್ತಿದರೆ ಹುಡುಗಿಯ ಕೆನ್ನೆ ಬೆಳಗುತ್ತದೆ, ಜೊತೆಗೆ ಕೆನ್ನೆಯ ಮೇಲಿನ ಅರಿಶಿನ ಪೇಲವವಾಗುತ್ತದೆ, ಅರಿಶಿನ ಹಚ್ಚುತ್ತಿರುವ ಅಜ್ಜಿಯ ಕೈಯ ಸುಕ್ಕು ಮಸುಕಾಗುತ್ತದೆ. ಸ್ಟುಡಿಯೊದವರೂ ಹೊಟ್ಟೆ ಹೊರೆಯಬೇಕು, ಕೇಳಿದ್ದನ್ನು ಮಾಡಿಕೊಡಲಿ. ಆದರೆ ಬೆಳ್ಳಗೆ ಮಾಡಿದ್ದರ ಪಕ್ಕದಲ್ಲೇ ಅರಿಶಿನ ಉಳಿಸಿದ್ದನ್ನೂ ಒಂದು ಪ್ರಿಂಟ್ ಹಾಕಿ ಇಡಬಹುದು. ಯಾವುದು ಬೇಕೆಂದು ಹುಡುಗಿಯೇ ಆರಿಸಿಕೊಳ್ಳಲಿ.